‘ಸೂಪರ್’ ಬೇಡ, ಒಂದು ಪ್ರಶ್ನೆ ಕೇಳಿ

ಹೋದ ವರ್ಷ ಏಪ್ರಿಲ್‌ನಲ್ಲಿ ನಾನು ತೆಗೆದ ಒಂದು ಫೋಟೊಗೆ ಸಿಕ್ಕಷ್ಟು ಹೊಗಳಿಕೆ ನನಗೆ ಈವರೆಗೆ ಇನ್ಯಾವುದಕ್ಕೂ ಸಿಕ್ಕಿಲ್ಲ. ಪಿಯುಸಿ ರಿಸಲ್ಟ್ ಬಂದ ದಿನವೂ ಅಷ್ಟು ಮೆಸೇಜ್ ಬಂದಿರಲಿಲ್ಲ. (ಬರುವಂಥ ರಿಸಲ್ಟೂ ಅದಾಗಿರಲಿಲ್ಲ ಬಿಡಿ.)

ಫೋಟೊದಲ್ಲಿ ಇದ್ದದ್ದು ಒಂದು ಕಳ್ಳಿಪೀರ. ಕರೆಂಟ್ ತಂತಿಯ ಮೇಲೆ, ಬೇಲಿಯ ಮೇಲೆ ಕೂತು, ಚಕ್ಕನೆ ಹಾರಿ ಗಾಳಿಯಲ್ಲೇ ಹುಳ ಹಿಡಿದು ಮತ್ತೆ ಅದೇ ಜಾಗಕ್ಕೆ ಬಂದು ಕೂರುವ ಪುಟ್ಟ ಹಸಿರು ಹಕ್ಕಿಯನ್ನು ನೀವೂ ನೋಡಿರುತ್ತೀರಿ. ಕಣ್ಣಿಗೆ ಕಾಡಿಗೆ ಎಳೆದಂಥ ಕಪ್ಪು ಪಟ್ಟಿ, ಬಾಲದ ನಡುವಿನಿಂದ ಚಾಚಿದ ಸೂಜಿಯಂಥ ಗರಿ. ನನ್ನ ಫೋಟೊದಲ್ಲಿ ಅದು ಒಣಗಿದ ಕಡ್ಡಿಯೊಂದರ ಮೇಲೆ ಕೂತು, ಕೊಕ್ಕಿನಲ್ಲಿ ಒಂದು ಏರೋಪ್ಲೇನ್ ಚಿಟ್ಟೆಯನ್ನು ಅಡ್ಡಡ್ಡ ಹಿಡಿದುಕೊಂಡಿತ್ತು. ಬೆಳಗಿನ ಬಿಸಿಲು ಆ ಚಿಟ್ಟೆಯ ರೆಕ್ಕೆಯೊಳಗಿಂದ ಹಾದು ಬರುತ್ತಿತ್ತು. ಹಿಂದಿನ ಕಬ್ಬಿನ ಗದ್ದೆ ಪೂರ್ತಿ ಮಸುಕಾಗಿ ಹಸಿರು ಪರದೆ ಕಟ್ಟಿದ ಹಾಗಿತ್ತು. ಚಿಕ್ಕಪ್ಪನಿಂದ ಬಂದ ಹಳೇ ಕ್ಯಾಮೆರಾ ಮತ್ತು 70–300 ಎಂಎಂ ಲೆನ್ಸ್‌ನಲ್ಲಿ ಇಂಥದ್ದು ಬಂದೀತು ಅಂತ ನಾನೇ ಅಂದುಕೊಂಡಿರಲಿಲ್ಲ.

ಸ್ಟೇಟಸ್‌ಗೆ ಹಾಕಿದೆ. ಸೂಪರ್, ಬೆಂಕಿ, ಚಿಂದಿ, ನೆಕ್ಸ್ಟ್ ಲೆವೆಲ್ ಮಗಾ. ಪ್ರಶ್ನೆ ಕೇಳಿದವರು ಇಬ್ಬರೇ. ಒಬ್ಬರು ನಮ್ಮಜ್ಜಿ.

ಪಾಂಡವಪುರದ ಹತ್ತಿರ ನಮ್ಮೂರು. ಇಂಟರ್ನಲ್ಸ್ ಮುಗಿಸಿ ಊರಿಗೆ ಹೋಗಿದ್ದಾಗಲೇ ನಾಲೆ ಏರಿಯ ಹತ್ತಿರ ಆ ಫೋಟೊ ತೆಗೆದದ್ದು. ಮೊಬೈಲ್‌ನಲ್ಲಿ ದೊಡ್ಡದು ಮಾಡಿ ಅಜ್ಜಿಗೆ ತೋರಿಸಿದೆ. ಕನ್ನಡಕ ಹಾಕಿಕೊಂಡು ತುಂಬ ಹೊತ್ತು ನೋಡಿ, ‘ಬಾಯಲ್ಲಿ ಇಟ್ಕಂಡು ಯಾಕ್ಲಾ ಮಗ ಸುಮ್ಕೆ ಕುಂತದೆ ಅದು? ತಿನ್ನಾಕಿಲ್ವಾ?’ ಅಂದರು. ನಾನು ನಕ್ಕುಬಿಟ್ಟೆ. ಬೆಳಕು, ಫೋಕಸ್ಸು, ಹಿನ್ನೆಲೆ ಅಂತ ಹೇಳೋದು ಬಿಟ್ಟು ಅಜ್ಜಿ ಹಕ್ಕಿಯ ತಿಂಡಿಯ ಬಗ್ಗೆ ಕೇಳುತ್ತಿದ್ದಾರಲ್ಲ ಅಂತ.

ಇನ್ನೊಬ್ಬರು ಮೈಸೂರಿನ ಮೇಷ್ಟ್ರು. ನಾನು ಓದುತ್ತಿರುವುದು ಮೈಸೂರಿನಲ್ಲಿ. ಭಾನುವಾರ ಬೆಳಿಗ್ಗೆ ಕುಕ್ಕರಹಳ್ಳಿ ಕೆರೆಗೆ ಹೋದರೆ ಕೊರಳಲ್ಲಿ ಬೈನಾಕ್ಯುಲರ್ ಹಾಕಿಕೊಂಡು ಏರಿ ಮೇಲೆ ನಡೆಯುವ ಒಬ್ಬ ನಿವೃತ್ತ ಹೈಸ್ಕೂಲ್ ಮೇಷ್ಟ್ರು ಸಿಗುತ್ತಾರೆ. ಹೆಜ್ಜಾರ್ಲೆ ಯಾವುದು, ಹಾವಕ್ಕಿ ಯಾವುದು, ನೀರುಕಾಗೆ ಯಾವುದು ಅಂತ ನನಗೆ ಹೇಳಿಕೊಟ್ಟವರೇ ಅವರು. ಒಮ್ಮೆ ನಾನು ಗೋವಕ್ಕಿಯ ಫೋಟೊ ತೋರಿಸಿ ‘ಇದು ಬೆಳ್ಳಕ್ಕಿ ಸರ್’ ಅಂದಾಗ, ‘ಕೊಕ್ಕಿನ ಬಣ್ಣ ನೋಡಪ್ಪಾ, ಹಳದಿ. ನೀನು ಹೇಳೋ ಬೆಳ್ಳಕ್ಕಿಗೆ ಕೊಕ್ಕು ಕಪ್ಪು, ಪಾದ ಮಾತ್ರ ಹಳದಿ’ ಅಂದಿದ್ದರು. ಇನ್ನೊಮ್ಮೆ, ‘ನೀನು ಎಲ್ಲಾ ಹಕ್ಕೀನೂ ಮೇಲಿಂದ ನೋಡ್ತೀಯ, ಅದರ ಎತ್ತರಕ್ಕೆ ಇಳಿ’ ಅಂದರು. ಅವತ್ತು ಕೆಸರಲ್ಲಿ ಮಲಗಿ ಟಿಟ್ಟಿಭದ ಫೋಟೊ ತೆಗೆದೆ, ಪ್ಯಾಂಟು ಹಾಳಾಯಿತು, ಫೋಟೊ ಚೆನ್ನಾಗಿ ಬಂತು.

ಈ ಫೋಟೊಗಾದರೂ ಅವರಿಂದ ಪೂರ್ತಿ ಮಾರ್ಕ್ಸು ಬರುತ್ತದೆ ಅಂತ ಫೋನ್ ಕೊಟ್ಟೆ. ಅವರು ‘ಬೆಳಕು ಚೆನ್ನಾಗಿದೆ’ ಅಂದರು. ಸ್ವಲ್ಪ ಹೊತ್ತು ಬಿಟ್ಟು, ‘ಎಷ್ಟು ಹೊತ್ತು ಹಿಂಗೇ ಕೂತಿತ್ತು?’ ಅಂತ ಕೇಳಿದರು.

‘ತುಂಬಾ ಹೊತ್ತು ಸರ್, ಲಕ್ಕಿ ನಾನು!’

‘ಹತ್ತಿರದಲ್ಲಿ ಮಣ್ಣಿನ ದಿಬ್ಬ ಏನಾದ್ರೂ ಇತ್ತಾ?’

ಇತ್ತು. ನಾಲೆ ಏರಿಯೇ ಇತ್ತು. ನಾನು ಅದಕ್ಕೇ ಒರಗಿ ಕೂತಿದ್ದೆ.

ಮೇಷ್ಟ್ರು ಬೈಯಲಿಲ್ಲ. ‘ಕಳ್ಳಿಪೀರ ಮರದಲ್ಲಿ ಗೂಡು ಕಟ್ಟಲ್ಲಪ್ಪ, ಮಣ್ಣಲ್ಲಿ ಬಿಲ ತೋಡುತ್ತೆ. ತನಗೆ ಅಂತ ಹಿಡಿದ ಹುಳ ಆದ್ರೆ ಕಡ್ಡಿಗೆ ನಾಲ್ಕು ಸಲ ಬಡಿದು ನುಂಗಿಬಿಡುತ್ತೆ. ಅಷ್ಟು ಹೊತ್ತು ಹಿಡಕೊಂಡು ಕೂತಿದೆ ಅಂದ್ರೆ ಅದು ಬೇರೆ ಯಾರಿಗೋ ತಂದದ್ದು’ ಅಂದರು. ಅಷ್ಟು ಹೇಳಿ ಫೋನ್ ವಾಪಸ್ ಕೊಟ್ಟು ನಡೆದುಕೊಂಡು ಹೋದರು.

ನನಗೆ ಆಗ ನಾಚಿಕೆಯಾಯಿತು, ತಪ್ಪು ಅರಿವಾಯಿತು ಅಂತ ಬರೆದರೆ ಅದು ಸುಳ್ಳು. ನನಗೆ ಬಂದದ್ದು ಸಿಟ್ಟು. ಇವರಿಗೆ ಯಾವುದರಲ್ಲೂ ಒಂದು ಹುಳುಕು ಬೇಕು, ಕ್ಯಾಮೆರಾ ಹಿಡಿಯದವರಿಗೆ ಫೋಟೊ ಏನು ಗೊತ್ತು, ಅಂತೆಲ್ಲ ಅಂದುಕೊಂಡೆ. ಮುಂದಿನ ಎರಡು ಭಾನುವಾರ ಕುಕ್ಕರಹಳ್ಳಿ ಬಿಟ್ಟು ಲಿಂಗಾಂಬುಧಿ ಕೆರೆಗೆ ಹೋದೆ. ಹೊಗಳಿಕೆ ಬಿದ್ದ ಕಡೆಯೇ ಟೀಕೆಯೂ ಬಿದ್ದರೆ ಎಷ್ಟು ಉರಿಯುತ್ತದೆ ಅನ್ನುವುದು ಅನುಭವಿಸಿದವರಿಗೇ ಗೊತ್ತು.

ಆದರೆ ಅವರು ಕೇಳಿದ್ದು ಒಂದು ಪ್ರಶ್ನೆ ನೋಡಿ. ಬರೀ ಅಭಿಪ್ರಾಯ ಆಗಿದ್ದರೆ ತಳ್ಳಿಹಾಕಬಹುದಿತ್ತು. ಪ್ರಶ್ನೆಗೆ ಉತ್ತರ ಹುಡುಕದೆ ಇರುವುದು ಕಷ್ಟ, ಅದರಲ್ಲೂ ಇಂಜಿನಿಯರಿಂಗ್ ಓದುವವನಿಗೆ. ಪ್ರತಿ ಫೋಟೊದಲ್ಲೂ ಅದನ್ನು ಕ್ಲಿಕ್ಕಿಸಿದ ಸಮಯ ದಾಖಲಾಗಿರುತ್ತದೆ. ಒಂದು ರಾತ್ರಿ ಲ್ಯಾಪ್‌ಟಾಪ್‌ನಲ್ಲಿ ಆ ಬೆಳಗಿನ ಎಲ್ಲ ಫೈಲ್ ತೆರೆದೆ. ಹುಳ ಹಿಡಿದ ಹಕ್ಕಿಯ ಮೊದಲ ಫ್ರೇಮ್ 7 ಗಂಟೆ 42 ನಿಮಿಷಕ್ಕೆ, ಕೊನೆಯದು 8 ಗಂಟೆ 1 ನಿಮಿಷಕ್ಕೆ. ಹತ್ತೊಂಬತ್ತು ನಿಮಿಷ. ನಡುವೆ ಎರಡು ಸಲ ಹಾರಿ ಏರಿಯ ಕಡೆ ಬಂದು, ತಿರುಗಿ, ಮತ್ತೆ ಅದೇ ಕಡ್ಡಿಗೆ ಹೋಗಿ ಕೂತಿದೆ. ಕೊಕ್ಕಿನಲ್ಲಿರುವುದು ಅದೇ ಚಿಟ್ಟೆ. ಕೊನೆಯ ಫ್ರೇಮ್‌ಗಳಲ್ಲಿ ಅದರ ಒಂದು ರೆಕ್ಕೆ ಮುರಿದಿದೆ. ಇನ್ನೊಂದು ಫ್ರೇಮ್‌ನ ಮೂಲೆಯಲ್ಲಿ, ಫೋಕಸ್ ಇಲ್ಲದೆ ಮಸುಕಾಗಿ, ಎರಡನೇ ಕಳ್ಳಿಪೀರ ಕೂತಿತ್ತು. ಅದರ ಬಾಯಲ್ಲೂ ಏನೋ ಇತ್ತು.

ಆ ಎರಡನೇ ಹಕ್ಕಿಯನ್ನು ನಾನು ಮೊದಲೇ ನೋಡಿದ್ದೆ. ನೋಡಿ, ‘ಡಿಸ್ಟರ್ಬೆನ್ಸ್’ ಅಂತ ಕ್ರಾಪ್ ಮಾಡಿ ತೆಗೆದುಹಾಕಿದ್ದೆ.

ಆಮೇಲೆ ಹುಡುಕಿದಾಗ ಒಂದು ಸಂಶೋಧನೆಯ ವಿಷಯ ಸಿಕ್ಕಿತು. ಪುಣೆಯ ಮಿಲಿಂದ್ ವಾಟ್ವೆ ಮತ್ತು ಸಂಗಡಿಗರು ಇದೇ ಕಳ್ಳಿಪೀರದ ಮೇಲೆ ನಡೆಸಿ 2002ರಲ್ಲಿ ಪ್ರಕಟಿಸಿದ ಅಧ್ಯಯನ. ಗೂಡಿನ ಬಾಯಿ ಕಾಣುವ ಜಾಗದಲ್ಲಿ ಮನುಷ್ಯ ನಿಂತಿದ್ದರೆ ಈ ಹಕ್ಕಿ ಗೂಡಿನೊಳಗೆ ಹೋಗಲು ಹಿಂಜರಿಯುತ್ತದೆ. ಅಷ್ಟೇ ದೂರದಲ್ಲಿ, ಆದರೆ ಗೂಡು ಕಾಣದ ಜಾಗದಲ್ಲಿ ನಿಂತಿದ್ದರೆ ಅಷ್ಟು ಹಿಂಜರಿಯುವುದಿಲ್ಲ. ಅಂದರೆ ನಾವು ಎಲ್ಲಿದ್ದೇವೆ ಅನ್ನುವುದಷ್ಟೇ ಅಲ್ಲ, ಅಲ್ಲಿಂದ ನಮಗೆ ಏನು ಕಾಣುತ್ತದೆ ಅನ್ನುವುದನ್ನೂ ಅದು ಲೆಕ್ಕ ಹಾಕುತ್ತದೆ. ನನಗೆ ‘ಪೋಸ್’ ಕೊಡುತ್ತಿದೆ ಅಂತ ನಾನು ಅಂದುಕೊಂಡ ಹಕ್ಕಿ, ನಾನು ಯಾವಾಗ ಎದ್ದು ಹೋಗುತ್ತೇನೆ ಅಂತ ಕಾಯುತ್ತಿತ್ತು. ನಮ್ಮಜ್ಜಿ ಕೇಳಿದ್ದೂ ಅದನ್ನೇ.

ಇದು ಬರೀ ಮನಸ್ಸಿಗೆ ಬಿಟ್ಟ ವಿಷಯವೂ ಅಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ‘ಬೇಟೆ’ ಅನ್ನುವ ಪದಕ್ಕೆ ಕೊಟ್ಟಿರುವ ವಿವರಣೆಯೊಳಗೆ ಕಾಡುಹಕ್ಕಿಗಳ ಮೊಟ್ಟೆಗೆ, ಗೂಡಿಗೆ ತೊಂದರೆ ಕೊಡುವುದೂ ಸೇರಿದೆ. ಕೋವಿ ಹಿಡಿದವರನ್ನು ಬೈಯುತ್ತಾ ಕ್ಯಾಮೆರಾ ಹಿಡಿದು ತಿರುಗುವ ನನ್ನಂಥವರು ಇದನ್ನು ಒಮ್ಮೆ ಓದುವುದು ಒಳ್ಳೆಯದು.

ಇಷ್ಟು ಉದ್ದಕ್ಕೆ ಈ ಕಥೆ ಹೇಳಿದ್ದಕ್ಕೆ ಕಾರಣವಿದೆ. ನೂರು ಜನ ಸೂಪರ್ ಅಂದರು, ಅವರಲ್ಲಿ ಯಾರೂ ಕೆಟ್ಟವರಲ್ಲ. ಆದರೆ ಯಾರೂ ಫೋಟೊ ನೋಡಿರಲಿಲ್ಲ. ನೋಡಿದ್ದು ನನ್ನನ್ನು. ಸ್ನೇಹಿತ ಕಷ್ಟಪಟ್ಟು ಏನೋ ತಂದಿದ್ದಾನೆ, ಬೆನ್ನು ತಟ್ಟಬೇಕು, ಅಷ್ಟೇ. ನಾನೂ ದಿನಕ್ಕೆ ಹತ್ತು ಸಲ ಅದನ್ನೇ ಮಾಡುತ್ತೇನೆ. ನಾವು ಹಂಚುವ ‘ಸೂಪರ್’ ಮದುವೆ ಮನೆಯಲ್ಲಿ ‘ಊಟ ಆಯ್ತಾ’ ಅಂತ ಕೇಳಿದ ಹಾಗೆ. ಉತ್ತರ ಬೇಕಂತಲೇನೂ ಅಲ್ಲ. ಕಲಿಯಬೇಕು ಅನ್ನುವವನಿಗೆ ಮಾತ್ರ ಅದರಿಂದ ನಷ್ಟ. ನನ್ನ ಹತ್ತಿರ ಎರಡು ವರ್ಷದ ಸೂಪರ್‌ಗಳ ರಾಶಿಯಿದೆ, ಅದರಿಂದ ನನ್ನ ಒಂದು ಫೋಟೊವೂ ಉತ್ತಮವಾಗಿಲ್ಲ.

ವಿಚಿತ್ರ ಏನೆಂದರೆ, ತಪ್ಪು ತೋರಿಸಿಕೊಳ್ಳುವುದು ನಮಗೆ ಹೊಸದಲ್ಲ. ಇಂಜಿನಿಯರಿಂಗ್ ವಿದ್ಯಾರ್ಥಿಯ ಬದುಕೇ ಅದು. ಪ್ರೋಗ್ರಾಮ್ ರನ್ ಮಾಡಿದರೆ ಕಂಪೈಲರ್ ನಲವತ್ತು ಎರರ್ ಸಾಲಾಗಿ ಮುಖಕ್ಕೆ ಹೊಡೆಯುತ್ತದೆ, ನಾವು ಅದರ ಮೇಲೆ ಮುನಿಸಿಕೊಂಡು ಎರಡು ವಾರ ಮಾತು ಬಿಡುವುದಿಲ್ಲ. ಸೆಮಿಕೋಲನ್ ಎಲ್ಲಿ ಬಿಟ್ಟೆ ಅಂತ ಹುಡುಕುತ್ತೇವೆ. ಲ್ಯಾಬ್ ರೆಕಾರ್ಡ್ ಮೇಲೆ ಕೆಂಪು ಇಂಕಿನಲ್ಲಿ ‘ರೀಡೂ’ ಅಂತ ಬಿದ್ದರೆ ಗೊಣಗುತ್ತೇವೆ, ಬರೆಯುತ್ತೇವೆ. ಅದೇ ನಾವು ಇಷ್ಟಪಟ್ಟು ಮಾಡಿದ್ದರ ಬಗ್ಗೆ ಯಾರಾದರೂ ‘ಹಕ್ಕಿಯ ಕಣ್ಣು ಫೋಕಸ್ ಆಗಿಲ್ಲ’ ಅಂದರೆ ಸಾಕು, ಅದನ್ನು ‘ನೀನು ಸರಿಯಿಲ್ಲ’ ಅಂತ ಓದಿಕೊಳ್ಳುತ್ತೇವೆ. ಇಷ್ಟಪಟ್ಟು ಮಾಡಿದ್ದರಲ್ಲಿ ನಾವೂ ಸ್ವಲ್ಪ ಇರುತ್ತೇವಲ್ಲ, ಅದಕ್ಕಿರಬೇಕು.

ಕೇಳಿಸಿಕೊಳ್ಳುವವನ ಕಷ್ಟ ಹೇಳಿದೆ. ಹೇಳುವವನ ಕಷ್ಟ ಇದಕ್ಕಿಂತ ದೊಡ್ಡದು. ಅದರಲ್ಲಿ ನಾನು ಫೇಲಾದವನು.

ನನ್ನ ರೂಮ್‌ಮೇಟ್‌ಗೂ ಹಕ್ಕಿ ಫೋಟೊ ಹುಚ್ಚು. ಹುಚ್ಚು ಹಿಡಿಸಿದ್ದು ನಾನೇ. ಅವನು ರಂಗನತಿಟ್ಟಿನಲ್ಲಿ ಒಂದು ಬಣ್ಣದ ಕೊಕ್ಕರೆ ಇಳಿಯುವ ಫೋಟೊ ತೆಗೆದಿದ್ದ. ರೆಕ್ಕೆ ಪೂರ್ತಿ ಬಿಚ್ಚಿದೆ, ತುದಿ ಎಲ್ಲೂ ಕತ್ತರಿಸಿಲ್ಲ, ಕಣ್ಣು ಚೂಪಾಗಿ ಬಂದಿದೆ, ಬೆನ್ನಿನ ಹತ್ತಿರದ ಆ ಗುಲಾಬಿ ಬಣ್ಣ ಅಷ್ಟು ಚೆನ್ನಾಗಿ ಬಂದದ್ದನ್ನು ನಾನು ನೋಡಿರಲಿಲ್ಲ. ಸೆಕೆಂಡಿನ 2000ನೇ ಒಂದು ಭಾಗದಲ್ಲಿ ಹಿಡಿದದ್ದು. ಒಂದೇ ತೊಂದರೆ: ಎದೆಗೆ ಅಡ್ಡವಾಗಿ ಒಂದು ಕೊಂಬೆ ಬಂದಿತ್ತು. ಅವನು ರಾತ್ರಿ ಕೂತು ಸಾಫ್ಟ್‌ವೇರ್‌ನಲ್ಲಿ ಆ ಕೊಂಬೆಯನ್ನು ಅಳಿಸಿಬಿಟ್ಟ. ಈಗಿನ ಎಐ ಟೂಲ್‌ಗಳಲ್ಲಿ ಅದು ಐದು ನಿಮಿಷದ ಕೆಲಸ. ಕೊಂಬೆ ಹೋದ ಜಾಗದಲ್ಲಿ ಗರಿಗಳೂ ಹುಟ್ಟಿಕೊಂಡವು. ಆದರೆ ಆ ಗರಿಗಳು ಸುತ್ತಲಿನ ಗರಿಗಳ ಸಾಲಿನಲ್ಲಿ ಇರಲಿಲ್ಲ. ಹೊಲಿಗೆ ಹಾಕಿದ ಜಾಗದ ಹಾಗೆ ಕಾಣುತ್ತಿತ್ತು.

‘ಹೆಂಗಿದೆ ಮಗಾ?’ ಅಂದ. ಅವನ ಮುಖ ನೋಡಿದೆ. ‘ಸೂಪರ್ ಮಗಾ’ ಅಂದೆ.

ಅದನ್ನು ಅವನು ಒಂದು ಅಂತರ ಕಾಲೇಜು ಸ್ಪರ್ಧೆಗೆ, ನೇಚರ್ ವಿಭಾಗಕ್ಕೆ ಕಳಿಸಿದ. ಅಂತರರಾಷ್ಟ್ರೀಯ ಸಲಾನ್‌ಗಳಲ್ಲಿ ನೇಚರ್ ವಿಭಾಗಕ್ಕೆ ಇರುವ ನಿಯಮ ಸರಳ. ಕ್ರಾಪ್ ಮಾಡಬಹುದು, ಆದರೆ ಚಿತ್ರದೊಳಗೆ ಇದ್ದದ್ದನ್ನು ಅಳಿಸುವಂತಿಲ್ಲ, ಇಲ್ಲದ್ದನ್ನು ಸೇರಿಸುವಂತಿಲ್ಲ. ಈ ಸ್ಪರ್ಧೆಯವರೂ ಅದನ್ನೇ ಇಟ್ಟುಕೊಂಡಿದ್ದರು. ಕೊನೆಯ ಸುತ್ತಿಗೆ ಬಂದವರ ಹತ್ತಿರ ರಾ ಫೈಲ್ ಕೇಳಿದರು. ಇವನು ಕೊಟ್ಟ. ಕೊಂಬೆ ಅಲ್ಲೇ ಇತ್ತು. ಎಲ್ಲರೆದುರು ಇವನ ಹೆಸರು ತೆಗೆದುಹಾಕಿದರು. ಅವರದು ತಪ್ಪಲ್ಲ.

ರಾತ್ರಿ ರೂಮಿಗೆ ಬಂದು ಶೂ ಬಿಚ್ಚದೆ ಮಂಚದ ಮೇಲೆ ಕೂತು ಕೇಳಿದ: ‘ನಿಂಗೆ ಕಾಣ್ಸಿತ್ತಾ?’

ಸುಳ್ಳು ಹೇಳಲು ಆಗಲಿಲ್ಲ. ‘ಹೂಂ’ ಅಂದೆ.

‘ಮತ್ತೆ ಸೂಪರ್ ಅಂದೆ?’

ಅವನಿಗೆ ಬೇಜಾರಾಗುತ್ತೆ ಅಂತ ಹೇಳಲಿಲ್ಲ ಅಂದೆ. ಅದು ಅರ್ಧ ನಿಜ. ಉಳಿದರ್ಧ ಏನೆಂದರೆ, ಅವನಿಗೆ ಬೇಜಾರಾದಾಗ ಎದುರಿಗೆ ಕೂತಿರಬೇಕಾದ ನನ್ನ ತಾಪತ್ರಯ ತಪ್ಪಲಿ ಅಂತ. ಇನ್ನೂ ಒಂದು ಚೂರು ಇದೆ, ಬರೆಯಲು ಮುಜುಗರ: ಅವನ ಮೂಲ ಫೋಟೊ ನನ್ನದಕ್ಕಿಂತ ಚೆನ್ನಾಗಿತ್ತು. ‘ಕೊಂಬೆ ಇದ್ದರೂ ಪರವಾಗಿಲ್ಲ, ಹಾಗೇ ಕಳಿಸು, ಇದು ಗೆಲ್ಲೋ ಫೋಟೊ’ ಅಂತ ಹೇಳಬೇಕಿತ್ತು. ಆ ಮಾತು ನನ್ನ ಬಾಯಿಗೆ ಬರಲಿಲ್ಲ. ತಪ್ಪು ಹೇಳುವುದಕ್ಕೆ ಧೈರ್ಯ ಬೇಕು ಅಂತ ಎಲ್ಲರೂ ಹೇಳುತ್ತಾರೆ. ಚೆನ್ನಾಗಿರುವುದನ್ನು ಚೆನ್ನಾಗಿದೆ ಅಂತ, ಯಾಕೆ ಅಂತಲೂ ಸೇರಿಸಿ ಹೇಳುವುದಕ್ಕೆ ಬೇರೆಯದೇ ಧೈರ್ಯ ಬೇಕು. ಅದು ಕಮ್ಮಿ ಜನರ ಹತ್ತಿರ ಇದೆ, ನನ್ನ ಹತ್ತಿರ ಅವತ್ತು ಇರಲಿಲ್ಲ.

ಹೀಗಂದ ಮಾತ್ರಕ್ಕೆ ನೇರ ನುಡಿಯ ಹೆಸರಿನಲ್ಲಿ ಏನು ಬೇಕಾದರೂ ಅನ್ನುವವರ ಪರ ನಾನಿಲ್ಲ. ಅಂಥವರೂ ಇದ್ದಾರೆ. ಎರಡು ಲಕ್ಷದ ಲೆನ್ಸ್ ಹೆಗಲಿಗೆ ಹಾಕಿಕೊಂಡು, ನಮ್ಮ ಕ್ಯಾಮೆರಾದ ಸ್ಕ್ರೀನ್ ಕಡೆ ಒಂದು ಕ್ಷಣ ಬಗ್ಗಿ, ‘ಈ ಲೆನ್ಸಲ್ಲಿ ಇಷ್ಟೇ ಬರೋದು’ ಅನ್ನುತ್ತಾರೆ. ‘ಡಿಲೀಟ್ ಬಟನ್ ಇರೋದು ಯಾಕೆ ಅಂತ ಗೊತ್ತಾ?’ ಅಂತ ಒಬ್ಬರು ನನಗೇ ಕೇಳಿದ್ದಾರೆ. ಇದು ವಿಮರ್ಶೆ ಅಲ್ಲ, ‘ಸೂಪರ್’ನ ಅಣ್ಣ. ಇಬ್ಬರೂ ಫೋಟೊ ನೋಡಿರುವುದಿಲ್ಲ. ಒಬ್ಬ ನಿನ್ನನ್ನು ಖುಷಿಪಡಿಸಲು ಅವಸರದಲ್ಲಿದ್ದಾನೆ, ಇನ್ನೊಬ್ಬ ತನ್ನನ್ನು. ಮೇಷ್ಟ್ರು ಫೋನ್ ಕೈಯಲ್ಲಿ ಹಿಡಿದು ಎಷ್ಟು ಹೊತ್ತು ನೋಡಿದರು ಅನ್ನುವುದು ನನಗೆ ಈಗಲೂ ನೆನಪಿದೆ. ಅಷ್ಟು ಹೊತ್ತು ನನ್ನ ಫೋಟೊವನ್ನು ನಾನೂ ನೋಡಿರಲಿಲ್ಲ.

ಎಲ್ಲರಿಗೂ ಎಲ್ಲವನ್ನೂ ಹೇಳಬೇಕಾಗಿಯೂ ಇಲ್ಲ. ನಮ್ಮ ಕ್ಲಾಸಿನ ಹುಡುಗಿಯೊಬ್ಬಳು ಹಾಸ್ಟೆಲ್ ಕಿಟಕಿಯಿಂದ ಮೊಬೈಲ್‌ನಲ್ಲಿ ಕೆಮ್ಮೀಸೆ ಪಿಕಳಾರದ ಫೋಟೊ ತೆಗೆದು ಕಳಿಸಿದಳು. ನಾನು ಆಗ ಹೊಸದಾಗಿ ‘ಪ್ರಾಮಾಣಿಕ’ನಾಗಿದ್ದೆನಲ್ಲ, ಹಿನ್ನೆಲೆಯಲ್ಲಿ ಬಕೆಟ್ ಇದೆ, ಹಕ್ಕಿ ಫ್ರೇಮಿನ ನಡುವೆ ಬಂದಿದೆ, ಬಲಕ್ಕೆ ನೋಡುತ್ತಿರುವುದರಿಂದ ಬಲಗಡೆ ಜಾಗ ಬಿಡಬೇಕಿತ್ತು, ಅಂತ ಉದ್ದಕ್ಕೆ ಬರೆದೆ. ಅವಳು, ‘ಇದರ ಹೆಸರು ಏನು ಅಂತ ಕೇಳೋಕೆ ಕಳಿಸಿದ್ದು ಕಣೋ’ ಅಂದಳು.

ಹಾಗಾಗಿ ಈಗ ನಾನು ಮೊದಲು ಕೇಳುವುದು ‘ಇದರಲ್ಲಿ ನಿನಗೆ ಏನು ತೋರಿಸಬೇಕಿತ್ತು?’ ಅಂತ. ಉತ್ತರ ಬಂದ ಮೇಲೆ ಹೇಳುವುದು ಸುಲಭ. ಹಾರುವ ವೇಗ ತೋರಿಸಬೇಕಿತ್ತು ಅಂದವನಿಗೆ ರೆಕ್ಕೆ ಸ್ವಲ್ಪ ಮಸುಕಾದದ್ದು ತಪ್ಪಲ್ಲ. ಗರಿಯ ವಿವರ ತೋರಿಸಬೇಕಿತ್ತು ಅಂದವನಿಗೆ ತಪ್ಪು. ನನ್ನ ಫೋಟೊ ತೋರಿಸುವಾಗಲೂ ‘ಹೇಗಿದೆ’ ಅಂತ ಕೇಳುವುದನ್ನು ಬಿಟ್ಟಿದ್ದೇನೆ. ಹೇಗಿದೆ ಅಂದರೆ ಸೂಪರ್ ಅನ್ನದೆ ಪಾಪ ಅವರಾದರೂ ಏನು ಮಾಡುತ್ತಾರೆ? ‘ಇದರಲ್ಲಿ ನಿನ್ನ ಕಣ್ಣಿಗೆ ಅಡ್ಡ ಬರೋದು ಏನು?’ ಅಂತ ಕೇಳಿದರೆ ಎಂಥವರೂ ಎರಡು ನಿಮಿಷ ನೋಡಿಯೇ ಉತ್ತರ ಕೊಡುತ್ತಾರೆ. ಅಮ್ಮ ಕೂಡ ಕೊಟ್ಟಿದ್ದಾಳೆ. ಆಕೆಯ ಪ್ರಕಾರ ನನ್ನ ಫೋಟೊಗಳಲ್ಲಿ ಹಸಿರು ವಿಪರೀತ. ‘ನಮ್ಮ ಗದ್ದೆ ಈ ಬಣ್ಣ ಇಲ್ಲ’ ಅಂದಳು. ಎಡಿಟಿಂಗ್‌ನಲ್ಲಿ ಬಣ್ಣದ ಗುಂಡಿಯನ್ನು ನಾನು ಎಷ್ಟು ಬಲಕ್ಕೆ ಎಳೆಯುತ್ತೇನೆ ಅಂತ ಗದ್ದೆಯಲ್ಲೇ ಇರುವವರಿಗೆ ತಾನೇ ಗೊತ್ತಾಗುವುದು.

ಒಂದು ಮಾತ್ರ ಯಾರು ಏನು ತೋರಿಸಲು ಹೊರಟಿದ್ದರೂ ಕೇಳುತ್ತೇನೆ: ಹತ್ತಿರ ಗೂಡಿತ್ತಾ, ಎಷ್ಟು ದೂರದಲ್ಲಿದ್ದೆ, ಹಕ್ಕಿಯ ಕೂಗನ್ನು ಮೊಬೈಲ್‌ನಲ್ಲಿ ಹಾಕಿ ಕರೆಸಿದೆಯಾ. ಇದಕ್ಕೆ ಒಂದಿಬ್ಬರು ನನ್ನ ಜೊತೆ ಫೀಲ್ಡಿಗೆ ಬರುವುದನ್ನು ಬಿಟ್ಟಿದ್ದಾರೆ. ಬೆಳಕು, ಫೋಕಸ್ಸು ಫೋಟೊಗ್ರಾಫರನಿಗೆ ಸೇರಿದ್ದು. ಅಲ್ಲಿ ತಪ್ಪಿದರೆ ನಷ್ಟ ಅವನಿಗೆ ಮಾತ್ರ. ಇಲ್ಲಿ ತಪ್ಪಿದರೆ ನಷ್ಟ ಆಗುವುದು ಮಣ್ಣಿನ ಬಿಲದೊಳಗೆ ಕಾಯುತ್ತಿರುವ ಮರಿಗೆ. ಆ ಕಡೆಯಿಂದ ಕಾಮೆಂಟ್ ಮಾಡುವವರು ಯಾರೂ ಇಲ್ಲ.

ಮೂರನೇ ಭಾನುವಾರ ಕುಕ್ಕರಹಳ್ಳಿಗೆ ಹೋಗಿ ಮೇಷ್ಟ್ರಿಗೆ ಹತ್ತೊಂಬತ್ತು ನಿಮಿಷದ ಲೆಕ್ಕ ಹೇಳಿದೆ. ಅವರು ಶಭಾಷ್ ಅನ್ನಲಿಲ್ಲ. ‘ಆ ಎರಡನೇ ಹಕ್ಕಿ ಇರೋ ಫೋಟೊ ಇದೆಯಾ, ತೋರಿಸು’ ಅಂದರು. ಕ್ರಾಪ್ ಮಾಡದ ಮೂಲ ಫ್ರೇಮ್ ತೋರಿಸಿದೆ. ಒಂದು ಹಕ್ಕಿ ಚೂಪಾಗಿ, ಇನ್ನೊಂದು ಮಸುಕಾಗಿ, ಎರಡೂ ಒಂದೇ ಕಡೆಗೆ, ನಾನು ಕೂತ ಕಡೆಗೆ ನೋಡುತ್ತಿವೆ. ‘ಇದನ್ನ ಇಟ್ಕೊ’ ಅಂದರು. ಹೊಗಳಿಕೆ ಬಂದ ಫೋಟೊವನ್ನು ನಾನು ಎಲ್ಲ ಕಡೆಯಿಂದ ತೆಗೆದುಹಾಕಿದ್ದೇನೆ. ಈ ಫ್ರೇಮನ್ನು ಮಾತ್ರ ಪ್ರಿಂಟ್ ಹಾಕಿಸಿ ಟೇಬಲ್ ಎದುರಿಗೆ ಅಂಟಿಸಿಕೊಂಡಿದ್ದೇನೆ. ರೂಮಿಗೆ ಬಂದವರು ‘ಇದೇನು ಔಟ್ ಆಫ್ ಫೋಕಸ್ ಫೋಟೊ ಹಾಕೊಂಡಿದೀಯ’ ಅನ್ನುತ್ತಾರೆ.

ಈ ವರ್ಷವೂ ನಾಲೆ ಏರಿಯಲ್ಲಿ ಕಳ್ಳಿಪೀರಗಳು ಬಿಲ ತೋಡಿವೆ. ಈ ಸಲ ಏರಿಯ ಆಚೆ ಪಕ್ಕ, ಬಿಲದ ಬಾಯಿ ಕಾಣದ ಕಡೆ, ಒಂದು ಹೊಂಗೆ ಮರದ ಕೆಳಗೆ ಕೂತೆ. ಹಕ್ಕಿ ಚಿಕ್ಕದಾಗಿ ಬಂತು, ಹಿಂದೆ ಪಂಪ್‌ಸೆಟ್ಟಿನ ತಂತಿ ಬಂತು. ಆದರೆ ಬಂದ ಹಕ್ಕಿ ಯಾವುದೂ ಕಡ್ಡಿಯ ಮೇಲೆ ಅರ್ಧ ನಿಮಿಷಕ್ಕಿಂತ ಹೆಚ್ಚು ಕೂರಲಿಲ್ಲ. ಬಂದ ಹಾಗೇ ಏರಿಯಾಚೆ ಹಾರಿ ಮಾಯವಾಗುತ್ತಿತ್ತು, ಮತ್ತೆ ಬರುವಾಗ ಕೊಕ್ಕು ಖಾಲಿ.

ಅದರಲ್ಲೊಂದು ಫೋಟೊವನ್ನು ರೂಮ್‌ಮೇಟ್‌ಗೆ ಕಳಿಸಿದೆ. ಕೊಕ್ಕರೆ ಪ್ರಕರಣದ ನಂತರ ನಾವಿಬ್ಬರೂ ಒಬ್ಬರಿಗೊಬ್ಬರು ‘ಸೂಪರ್’ ಅನ್ನಬಾರದು ಅಂತ ಒಪ್ಪಂದ ಮಾಡಿಕೊಂಡಿದ್ದೇವೆ, ಅಂದರೆ ಒಂದು ಎಗ್ ಪಫ್ಸ್ ಕೊಡಿಸಬೇಕು. ಅವನು ಪಫ್ಸ್ ಉಳಿಸಿಕೊಂಡ. ಏಳು ತಪ್ಪು ಬರೆದು ಕಳಿಸಿದ್ದಾನೆ. ತಂತಿ, ಕತ್ತಿನ ಕೋನ, ಐಎಸ್‌ಒ ಜಾಸ್ತಿಯಾಗಿ ಬಂದ ಕಾಳುಕಾಳು, ಎಲ್ಲ ಸರಿ. ಆರನೆಯದನ್ನು ಮಾತ್ರ ನಾನಿನ್ನೂ ಒಪ್ಪಿಲ್ಲ.